ಬೈ ಟೂ ಕೊಡಲಾಗುವುದಿಲ್ಲ

ಕರುವಿನ ಹೆಸರು ಗೌರಿ. ಕೆಂಪು ಗೊಂಡೆಯ ಹೊಸ ಕಣ್ಣಿ ಅದರ ಕೊರಳನ್ನು ಅರ್ಧ ಸುತ್ತಿತ್ತು, ಉಳಿದರ್ಧ ಅಮ್ಮನ ಕೈಯಲ್ಲಿತ್ತು. ಗೌರಿ ಅಮ್ಮನ ಸೆರಗನ್ನು ಬಾಯಿಗೆ ಹಾಕಿಕೊಳ್ಳಲು ನಾಲಿಗೆ ಚಾಚಿತು. ಅಷ್ಟರಲ್ಲಿ ಚಿತ್ರ ನಿಂತಿತು. ಬಗ್ಗಿದ ಅಮ್ಮ ಬಗ್ಗಿಯೇ ಇದ್ದಳು, ಕರುವಿನ ನಾಲಿಗೆ ಹೊರಗೇ ಇತ್ತು, ಹಿಂದೆ ಕೊಟ್ಟಿಗೆಯ ಬಾಗಿಲಿಗೆ ಕಟ್ಟಿದ್ದ ಚೆಂಡುಹೂವಿನ ಮಾಲೆ ಚೌಕ ಚೌಕವಾಗಿ ಒಡೆದು ಹಳದಿ ಇಟ್ಟಿಗೆಯ ಸಾಲಿನಂತಾಗಿತ್ತು.

2010ರ ದೀಪಾವಳಿಯ ಗೋಪೂಜೆ ಅದು. ಸಾಗರದ ಹತ್ತಿರದ ನಮ್ಮ ಊರಿನಲ್ಲಿ ಬೆಳಗಿನ ಏಳೂವರೆ. ನಾವಿದ್ದ ಟೆಕ್ಸಾಸಿನ ಅರ್ವಿಂಗಿನಲ್ಲಿ ಹಿಂದಿನ ರಾತ್ರಿಯ ಒಂಬತ್ತು. ಅಣ್ಣ ಲ್ಯಾಪ್‌ಟಾಪನ್ನು ಆರತಿ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕೊಟ್ಟಿಗೆಯವರೆಗೆ ಬಂದಿದ್ದ. ನಮ್ಮೂರಿನದು ಮೋಡ ಕಂಡರೆ ಮಲಗುವ ಲೈನು. ಹಾಗಾಗಿ ನಾನು ಮೊದಲು ಬೈದದ್ದು ಅದನ್ನೇ. ಎರಡು ನಿಮಿಷಕ್ಕೆ ಅಣ್ಣ ಫೋನ್ ಮಾಡಿದ. “ಹೋಗಿದ್ದು ನಿನ್ನ ಕಡೇದು ಕಣೇ. ಇಲ್ಲಿ ಎಲ್ಲ ಸರಿ ಇದೆ. ಅಮ್ಮ ಪೂಜೆ ಮುಗಿಸಿದ್ಲು.”

ನನ್ನ ಕಡೆಯದು ಏನೆಂದರೆ, ಒಂದು ಗೇಣುದ್ದದ ಕೇಬಲು. ನಾವು ನ್ಯೂಜೆರ್ಸಿಯಿಂದ ಅರ್ವಿಂಗಿಗೆ ಮನೆ ಬದಲಿಸಿ ಹತ್ತು ದಿನವಾಗಿತ್ತು. ಮನೆಗೆ ಇಂಟರ್‌ನೆಟ್ ಹಾಕುವ ಕೇಬಲ್ಲಿನವನು ಮುಂದಿನ ಗುರುವಾರ ಬೆಳಿಗ್ಗೆ ಎಂಟರಿಂದ ಹನ್ನೆರಡರ ನಡುವೆ ಯಾವಾಗಲಾದರೂ ಬರುತ್ತೇನೆಂದು ಹೇಳಿದ್ದ. ಅಲ್ಲಿಯವರೆಗೆ ಇರಲಿ ಎಂದು ಇವರು ತಮ್ಮ ಆಂಡ್ರಾಯ್ಡ್ ಫೋನಿಗೆ ಯಾವುದೋ ಒಂದು ಆ್ಯಪ್ ಹಾಕಿ, ಆ ಕೇಬಲಿನಿಂದ ನನ್ನ ಲ್ಯಾಪ್‌ಟಾಪಿಗೆ ಗಂಟು ಹಾಕಿಕೊಟ್ಟಿದ್ದರು. ಸಿಗ್ನಲ್ ಚೆನ್ನಾಗಿ ಸಿಗುತ್ತಿದ್ದದ್ದು ಅಡುಗೆಮನೆಯ ಕಿಟಕಿಯಲ್ಲಿ ಮಾತ್ರ. ಹೀಗಾಗಿ ಫೋನು ಕಿಟಕಿಯ ಕಟ್ಟೆಯ ಮೇಲೆ, ಲ್ಯಾಪ್‌ಟಾಪು ಒಗ್ಗರಣೆ ಡಬ್ಬಿಯ ಪಕ್ಕ, ನಾನು ಪುಸ್ತಕ ತುಂಬಿದ ರಟ್ಟಿನ ಪೆಟ್ಟಿಗೆಯ ಮೇಲೆ. ಹತ್ತು ದಿನ ಈ ಸಂಸಾರ ಸುಖವಾಗಿಯೇ ನಡೆದಿತ್ತು.

ಸ್ಕೈಪು ಮತ್ತೆ ಹತ್ತಲಿಲ್ಲ. ಬ್ರೌಸರು ತೆರೆದರೆ ನಾನು ಕೇಳಿದ ಪುಟದ ಬದಲು ಫೋನ್ ಕಂಪನಿಯ ಪುಟ ಬಂತು. ನೀವು ಟೆದರಿಂಗ್ ಬಳಸುತ್ತಿರುವಂತೆ ಕಾಣುತ್ತದೆ, ಅದು ನಿಮ್ಮ ಪ್ಲಾನಿನಲ್ಲಿ ಇಲ್ಲ, ತಿಂಗಳಿಗೆ ಇಷ್ಟು ಕೊಟ್ಟರೆ ಈಗಲೇ ಸೇರಿಸುತ್ತೇವೆ ಎಂಬರ್ಥದ ಮೂರು ಸಾಲು, ಕೆಳಗೆ ‘ಒಪ್ಪಿದೆ’ ಎಂಬ ಗುಂಡಿ. ‘ಒಪ್ಪಿಲ್ಲ’ ಎಂಬ ಗುಂಡಿ ಇರಲಿಲ್ಲ. ಆ ‘ಇಷ್ಟು’ ಎನ್ನುವುದು ಅಂದಿನ ಲೆಕ್ಕದಲ್ಲಿ ಇಂಡಿಯನ್ ಅಂಗಡಿಯ ಒಂದು ಚೀಲ ಸೋನಾಮಸೂರಿಯ ಬೆಲೆ.

ಟೆದರಿಂಗ್ ಎಂಬ ಮಾತನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಕುಳಿತಿದ್ದ ಪೆಟ್ಟಿಗೆಯಲ್ಲೇ ನಿಘಂಟು ಇತ್ತು. ಎದ್ದು, ಟೇಪು ಹರಿದು, ಹುಡುಕಿದೆ. ದನವನ್ನು ಗೂಟಕ್ಕೆ ಕಟ್ಟುವ ಹಗ್ಗ. ಅಂದರೆ ಕಣ್ಣಿ! ಸಮುದ್ರದ ಆಚೆ ಅಮ್ಮ ಕರುವಿಗೆ ಕಣ್ಣಿ ಕಟ್ಟುತ್ತಿದ್ದಾಗ ಈಚೆ ನನ್ನ ಕಣ್ಣಿ ಬಿಚ್ಚಿಹೋಗಿತ್ತು. ಲಲಿತ ಪ್ರಬಂಧ ಬರೆಯುವವರಿಗೆ ಇಂಥ ಕಾಕತಾಳೀಯ ಸಿಕ್ಕರೆ ಯಾರೂ ನಂಬುವುದಿಲ್ಲ ಎಂಬುದು ನನಗೆ ಗೊತ್ತು. ನಂಬದಿದ್ದರೆ ಬೇಡ.

ಆಗ ನನ್ನದು ಎಚ್-4 ವೀಸಾ. ಗಂಡನ ವೀಸಾಕ್ಕೆ ಅಂಟಿಕೊಂಡು ಬರುವ ಹೆಂಡತಿಯರದು. ಕಾಗದದಲ್ಲಿ ನಮ್ಮ ಹೆಸರು ‘ಡಿಪೆಂಡೆಂಟ್’. ದೇಶದಲ್ಲಿ ಇರಬಹುದು, ಓದಬಹುದು, ಅಡುಗೆ ಮಾಡಬಹುದು, ಕೆಲಸ ಮಾಡುವಂತಿಲ್ಲ. ಎಂ.ಎ. ಮಾಡಿ ಎಂಟು ವರ್ಷ ಪಾಠ ಹೇಳಿದವಳು ಒಗ್ಗರಣೆ ಡಬ್ಬಿಯ ಪಕ್ಕ ಕುಳಿತು ಬರಹ ತಂತ್ರಾಂಶದಲ್ಲಿ ಅಕ್ಷರ ಕುಟ್ಟುತ್ತಿದ್ದೆ. ಇವರ ಫೋನಿಗೆ ನನ್ನ ಲ್ಯಾಪ್‌ಟಾಪು ಹೇಗೋ, ಇವರ ವೀಸಾಕ್ಕೆ ನಾನು ಹಾಗೆ. ನನ್ನಂಥವರಲ್ಲಿ ಕೆಲವರಿಗಾದರೂ ಕೆಲಸದ ಪರವಾನಗಿ ಸಿಗಲು 2015 ಬರಬೇಕಾಯಿತು. ಅದು ಬೇರೆ ಪುರಾಣ.

ಮರುದಿನ ಕಂಪನಿಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿ ಆಮೇಲೆ ಒಬ್ಬ ಹೆಣ್ಣುಮಗಳು ಮಾತಿಗೆ ಬಂದಳು. ಎಷ್ಟು ನಯ ಎಂದರೆ ಜಗಳವಾಡಲು ಹೊರಟ ನನಗೇ ನಾಚಿಕೆಯಾಯಿತು.

“ನಮ್ಮದು ಅನ್‌ಲಿಮಿಟೆಡ್ ಪ್ಲಾನ್ ಅಲ್ಲವೇ?” ಎಂದೆ.

“ಹೌದು ಮ್ಯಾಮ್.”

“ಅಂದರೆ ಎಷ್ಟು ಬೇಕಾದರೂ ಬಳಸಬಹುದು.”

“ಖಂಡಿತ ಮ್ಯಾಮ್, ಎಷ್ಟು ಬೇಕಾದರೂ. ಫೋನಿನಲ್ಲಿ.”

“ಫೋನಿನಲ್ಲೇ ಬಳಸುತ್ತಿರುವುದು. ಲ್ಯಾಪ್‌ಟಾಪಿಗೆ ಬರುವುದೂ ಫೋನಿನಿಂದಲೇ.”

“ಫೋನಿನಲ್ಲಿ ನೋಡಿದರೆ ಪರವಾಗಿಲ್ಲ ಮ್ಯಾಮ್. ಫೋನಿನಿಂದ ಆಚೆ ಹೋಗಬಾರದು.”

ನಾನು ಒಂದೇ ಮಾತು ಕೇಳಿದೆ. ಅದೇ ವಿಡಿಯೋ ಕರೆಯನ್ನು ಫೋನಿನಲ್ಲೇ ಮಾಡಿ, ಫೋನನ್ನು ಲ್ಯಾಪ್‌ಟಾಪಿನ ಪರದೆಗೆ ಒರಗಿಸಿ ನಿಲ್ಲಿಸಿದರೆ ನಡೆಯುತ್ತದೆಯೇ? ಅವಳು ಒಂದು ಕ್ಷಣ ಸುಮ್ಮನಿದ್ದಳು. “ಅದು ನಡೆಯುತ್ತದೆ ಮ್ಯಾಮ್” ಎಂದಳು, ಪಾಪ. ಅವಳ ಧ್ವನಿಯಲ್ಲೂ ಒಂದು ಸಣ್ಣ ನಗು ಇತ್ತು ಎಂದು ಈಗಲೂ ನನ್ನ ಅನುಮಾನ. ಕೊನೆಯಲ್ಲಿ, ಇವತ್ತು ನಿಮಗೆ ಇನ್ನೇನಾದರೂ ಸಹಾಯ ಬೇಕಾಗಿದೆಯೇ ಎಂದು ಕೇಳಿದಳು. ಇನ್ನೇನಾದರೂ ಎಂದರೆ, ಮೊದಲು ಒಂದು ಸಹಾಯ ಆಗಿದ್ದರೆ ತಾನೆ?

ನ್ಯಾಯವಾಗಿ ಹೇಳುತ್ತೇನೆ, ಸಿಟ್ಟು ಇಳಿದ ಮೇಲೆ ನನಗೆ ಕಂಪನಿಯ ಮಾತಿನಲ್ಲಿ ಅರ್ಥವಿದೆ ಅನ್ನಿಸಿತ್ತು. ನಮ್ಮ ಹೋಟೆಲುಗಳಲ್ಲಿ ‘ಅನ್‌ಲಿಮಿಟೆಡ್ ಊಟ’ ಎಂಬ ಬೋರ್ಡಿನ ಕೆಳಗೇ ಇನ್ನೊಂದು ಬೋರ್ಡು ಇರುತ್ತದೆ: ಒಂದು ಊಟವನ್ನು ಇಬ್ಬರು ಹಂಚಿಕೊಳ್ಳುವಂತಿಲ್ಲ. ಅದನ್ನು ಯಾರೂ ದೌರ್ಜನ್ಯ ಎನ್ನುವುದಿಲ್ಲ. ಒಬ್ಬ ಮನುಷ್ಯ ಎಷ್ಟು ಉಣ್ಣಬಲ್ಲ ಎಂಬ ಅಂದಾಜಿನ ಮೇಲೆ ಹೋಟೆಲಿನವನು ದರ ಕಟ್ಟಿರುತ್ತಾನೆ. ಅಂದಿನ ಫೋನು ಚಿಕ್ಕ ಹೊಟ್ಟೆಯ ಕೂಸು. ಮೇಲ್ ನೋಡುವುದು, ದಾರಿ ನೋಡುವುದು, ಒಂದೆರಡು ಫೋಟೋ. ಲ್ಯಾಪ್‌ಟಾಪು ಹಾಗಲ್ಲ, ಮದುವೆ ಮನೆಯ ಮೂರನೇ ಪಂಕ್ತಿಯಲ್ಲಿ ಪಂತ ಕಟ್ಟಿ ಕುಳಿತ ಭಟ್ಟರು. ಕೂಸಿನ ಊಟಕ್ಕೆ ದುಡ್ಡು ಕೊಟ್ಟು ಭಟ್ಟರನ್ನು ಎಲೆಗೆ ಕೂರಿಸಿದರೆ ಯಜಮಾನ ತಡೆಯದೆ ಇರುತ್ತಾನೆಯೇ?

ಇಷ್ಟು ಒಪ್ಪಿದ ಮೇಲೂ ಒಂದು ಕುತೂಹಲ ಉಳಿಯಿತು. ಫೋನಿನ ಒಳಗೆ ಹೋದದ್ದು ಲ್ಯಾಪ್‌ಟಾಪಿಗೆ ದಾಟಿತು ಎಂದು ಎಲ್ಲೋ ಕುಳಿತವರಿಗೆ ಹೇಗೆ ಗೊತ್ತಾಯಿತು? ನೆಟ್‌ವರ್ಕಿನ ಕೆಲಸವೇ ಇವರ ಉದ್ಯೋಗ. ದೋಸೆ ತಿನ್ನುತ್ತಾ ಹೇಳಿದರು. ಅಂತರ್ಜಾಲದಲ್ಲಿ ಹೋಗುವ ಪ್ರತಿಯೊಂದು ಪೊಟ್ಟಣಕ್ಕೂ ಒಂದು ಆಯುಷ್ಯ ಬರೆದಿರುತ್ತದೆ. ದಾರಿ ತಪ್ಪಿದ ಪೊಟ್ಟಣ ಪ್ರಳಯದವರೆಗೆ ಸುತ್ತುತ್ತಿರಬಾರದು ಎಂದು. ಫೋನಿನಿಂದ ಹೊರಟದ್ದಕ್ಕೆ ಸಾಮಾನ್ಯವಾಗಿ 64, ವಿಂಡೋಸ್ ಕಂಪ್ಯೂಟರಿನಿಂದ ಹೊರಟದ್ದಕ್ಕೆ 128. ನಡುವೆ ಒಂದೊಂದು ಕಟ್ಟೆ ದಾಟಿದಾಗಲೂ ಒಂದೊಂದು ಕಡಿಮೆಯಾಗುತ್ತದೆ. ಫೋನಿನಲ್ಲೇ ಹುಟ್ಟಿದ ಪೊಟ್ಟಣ ಕಂಪನಿಯ ಬಾಗಿಲಿಗೆ 64 ಎಂದು ಬಂದು ನಿಲ್ಲುತ್ತದೆ. ಲ್ಯಾಪ್‌ಟಾಪಿನಲ್ಲಿ ಹುಟ್ಟಿ ಫೋನನ್ನು ದಾಟಿ ಬಂದದ್ದರ ಮೇಲೆ 127 ಎಂದೋ 63 ಎಂದೋ ಇರುತ್ತದೆ. ಬಾಗಿಲಲ್ಲಿ ನಿಂತವನು ಆ ಒಂದು ಅಂಕಿ ನೋಡಿಯೇ ಇದು ಈ ಮನೆಯ ಕೂಸಲ್ಲ ಎಂದು ಹಿಡಿಯಬಹುದು. ಇದೊಂದೇ ಅಲ್ಲ, ಬೇರೆ ದಾರಿಗಳೂ ಇವೆ. ಬ್ರೌಸರು ತಾನು ಯಾರು ಎಂದು ಹೋದಲ್ಲೆಲ್ಲ ಹೇಳಿಕೊಳ್ಳುತ್ತದೆ, ಬಾಯಿಬಡುಕ ಜಾತಿ.

“ಹಾಗಾದರೆ ವಯಸ್ಸು ತಿದ್ದಿದರೆ ಆಯಿತಲ್ಲ?” ಎಂದೆ.

ಇವರು ದೋಸೆ ಬಿಟ್ಟು ನನ್ನ ಮುಖ ನೋಡಿದರು. “ಅದನ್ನೇ ಮಾಡ್ತಾರೆ ಮಾರಾಯ್ತಿ. ಲ್ಯಾಪ್‌ಟಾಪಿನಲ್ಲಿ 65 ಅಂತ ಬರೆದುಬಿಡೋದು. ಒಂದು ಕಳೆದು 64 ಆಗಿ ಹೋಗುತ್ತೆ. ನಿನಗೆ ಹೇಗೆ ಹೊಳೀತು?”

ಹೊಳೆಯದೆ ಏನು? ನನ್ನ ಶಾಲೆಯ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1. ನಮ್ಮ ತರಗತಿಯ ಅರ್ಧ ಮಕ್ಕಳದೂ ಜೂನ್ 1. ಒಂದನೇ ಇಯತ್ತೆಗೆ ಇಷ್ಟು ವಯಸ್ಸು ಆಗಿರಬೇಕು ಎಂಬ ನಿಯಮ ಸರ್ಕಾರದ್ದು. ಬೇಕಾದಷ್ಟು ವಯಸ್ಸು ಸೇರಿಸಿ ಬರೆಯುವ ಪೆನ್ನು ಹೆಡ್‌ಮೇಷ್ಟ್ರದ್ದು. ಬಾಗಿಲಲ್ಲಿ ಅಂಕಿ ಕೇಳಿದರೆ ಜನ ಅಂಕಿ ತಿದ್ದಿಕೊಂಡೇ ಬರುತ್ತಾರೆ.

ಹೀಗೆ ತಿದ್ದಿಕೊಂಡು ಬರುವ ಆಟ ಆ ವರ್ಷಗಳಲ್ಲಿ ಅಮೆರಿಕದ ತುಂಬ ನಡೆದಿತ್ತು. 2009ರ ಜೂನಿನಲ್ಲಿ ಆ್ಯಪಲ್ ಕಂಪನಿ ಐಫೋನಿಗೆ ಟೆದರಿಂಗ್ ಬರುತ್ತದೆಂದು ದೊಡ್ಡ ಸಭೆಯಲ್ಲಿ ಪ್ರಕಟಿಸಿ, ಅದನ್ನು ಕೊಡಲಿರುವ ಬೇರೆ ಬೇರೆ ದೇಶದ ಕಂಪನಿಗಳ ಪಟ್ಟಿಯನ್ನು ಪರದೆಯ ಮೇಲೆ ತೋರಿಸಿತು. ಅಮೆರಿಕದಲ್ಲಿ ಆಗ ಐಫೋನ್ ಮಾರುತ್ತಿದ್ದ ಒಂದೇ ಒಂದು ಕಂಪನಿ ಎಟಿ ಅಂಡ್ ಟಿ. ಪಟ್ಟಿಯಲ್ಲಿ ಅದೇ ಇರಲಿಲ್ಲ. ಸಭೆ ನಕ್ಕಿತು. ಅದು ಕೊಟ್ಟದ್ದು ಮರುವರ್ಷದ ಜೂನಿನಲ್ಲಿ. ಆ ಹೊತ್ತಿಗೆ ಇನ್ನೊಂದು ಕೆಲಸವನ್ನೂ ಮಾಡಿತು. ಹೊಸ ಗಿರಾಕಿಗಳಿಗೆ ಅನ್‌ಲಿಮಿಟೆಡ್ ನಿಲ್ಲಿಸಿ, 25 ಡಾಲರಿಗೆ 2 ಜಿಬಿ ಎಂದು ಅಳೆದು ಕೊಡತೊಡಗಿತು. ಟೆದರಿಂಗ್ ಬೇಕಾದರೆ ಇನ್ನೂ 20 ಡಾಲರ್. ಆ 20 ಡಾಲರಿಗೆ ಒಂದು ತೊಟ್ಟು ಡೇಟಾ ಹೆಚ್ಚಿಗೆ ಇಲ್ಲ. ಅದೇ 2 ಜಿಬಿಯನ್ನು ಇನ್ನೊಂದು ಲೋಟಕ್ಕೆ ಬಗ್ಗಿಸಿಕೊಳ್ಳಲು ಅನುಮತಿ, ಅಷ್ಟೆ.

ಅದೇ ಬೇಸಿಗೆಯಲ್ಲಿ ಒಂದು ಟಾರ್ಚಿನ ಆ್ಯಪ್ ಬಂತು. ‘ಹ್ಯಾಂಡಿ ಲೈಟ್’ ಎಂದು ಹೆಸರು, ಬೆಲೆ 99 ಸೆಂಟು. ಫೋನಿನ ಪರದೆಯನ್ನು ಬೇರೆ ಬೇರೆ ಬಣ್ಣದಲ್ಲಿ ಬೆಳಗಿಸುವುದು ಅದರ ಕೆಲಸ. ಆದರೆ ಬಣ್ಣಗಳನ್ನು ಒಂದು ಕ್ರಮದಲ್ಲಿ ಒತ್ತಿದರೆ ಟಾರ್ಚಿನ ಹೊಟ್ಟೆಯೊಳಗಿಂದ ಟೆದರಿಂಗ್ ಎದ್ದು ಬರುತ್ತಿತ್ತು. ಬರೆದವನು ಹದಿನೈದು ವರ್ಷದ ಹುಡುಗ. ಗುಟ್ಟು ಬಯಲಾದ ಕೂಡಲೇ ಆ್ಯಪನ್ನು ಅಂಗಡಿಯಿಂದ ತೆಗೆದರು. ಅಷ್ಟರಲ್ಲಿ ಕೊಂಡವರು ಕೊಂಡಿದ್ದರು. ಈ ಕಥೆಯನ್ನು ಇವರು ಹೇಳಿದಾಗ ನನಗೆ ಹಳೆಯ ಕಾಲದ ಹಾಲಿನವನು ನೆನಪಾದ. ಪಾನನಿಷೇಧದ ಜಿಲ್ಲೆಗಳಿಗೆ ಹಾಲಿನ ಕ್ಯಾನಿನಲ್ಲಿ ಬೇರೆ ಏನನ್ನೋ ಸಾಗಿಸುತ್ತಿದ್ದ ಎಂದು ಅಪ್ಪ ಹೇಳುತ್ತಿದ್ದರು. ಮೇಲಿನ ಎರಡಿಂಚು ಮಾತ್ರ ಹಾಲು.

2011ರಲ್ಲಿ ಎಟಿ ಅಂಡ್ ಟಿ ಕಳ್ಳ ಟೆದರಿಂಗಿನವರನ್ನು ಹುಡುಕಿ ಪತ್ರ ಬರೆಯಿತು. ಇದನ್ನು ನಿಲ್ಲಿಸಿ, ಇಲ್ಲವಾದರೆ ನಿಮ್ಮನ್ನು ನಾವೇ ದುಬಾರಿ ಪ್ಲಾನಿಗೆ ಹಾಕಿಬಿಡುತ್ತೇವೆ ಎಂದು. ವೆರೈಝನ್ ಇನ್ನೊಂದು ದಾರಿ ಹಿಡಿಯಿತು. ಇಂಥ ಆ್ಯಪುಗಳನ್ನು ತನ್ನ ಗಿರಾಕಿಗಳ ಕಣ್ಣಿಗೆ ಬೀಳದಂತೆ ಮರೆಮಾಡಲು ಗೂಗಲ್‌ಗೆ ಹೇಳಿತು. ಇದೇ ಮುಂದೆ ಅದಕ್ಕೆ ತಿರುಗಿ ಬಡಿಯಿತು, ಅಲ್ಲಿಗೆ ಆಮೇಲೆ ಬರುತ್ತೇನೆ.

ನಮ್ಮ ಮನೆಯ ವಿಚಾರ. ಗುರುವಾರದ ಕೇಬಲ್ಲಿನವನು ಶನಿವಾರ ಬಂದ; ಮನೆಗೆ ಇಂಟರ್‌ನೆಟ್ ಆಯಿತು. ನಾನು ಟೆದರಿಂಗನ್ನು ಮರೆತೆ. ಮರುವರ್ಷ ಇವರು ಹೊಸ ಫೋನು ಕೊಂಡಾಗ ಹಳೆಯ ಅನ್‌ಲಿಮಿಟೆಡ್ ಹೋಗಿ ಅಳತೆಯ ಪ್ಲಾನು ಬಂತು. ತಿಂಗಳಿಗೆ ಇಷ್ಟು ಜಿಬಿ, ಮೀರಿದರೆ ದಂಡ. ಸರಿ, ಅಳೆದು ಕೊಡುತ್ತಾರೆ, ಅಳೆದು ಕೊಂಡುಕೊಳ್ಳೋಣ. ಒಂದು ದಿನ ಸಿಡಿಲಿಗೆ ಕೇಬಲು ಹೋಯಿತು. ನಾನು ಧೈರ್ಯವಾಗಿ ಫೋನಿನ ಹಾಟ್‌ಸ್ಪಾಟ್ ಗುಂಡಿ ಒತ್ತಿದೆ. ಇವಾಗ ನಮ್ಮದು ನಾವು ದುಡ್ಡು ಕೊಟ್ಟ ಜಿಬಿ ಅಲ್ಲವೇ? ಮತ್ತೆ ಅದೇ ಪುಟ. ಅದೇ ಸೋನಾಮಸೂರಿಯ ಚೀಲ.

ನನಗೆ ನಿಜವಾದ ಸಿಟ್ಟು ಬಂದದ್ದು ಆಗ. ಅನ್‌ಲಿಮಿಟೆಡ್ ಊಟದ ನ್ಯಾಯವನ್ನು ನಾನೇ ವಕೀಲಳಾಗಿ ಕಂಪನಿಯ ಪರವಾಗಿ ವಾದಿಸಿಕೊಂಡಿದ್ದೆನಲ್ಲ, ಅದಕ್ಕೆ ಹೆಚ್ಚು. ಊಟ ಬೇರೆ, ಕಾಫಿ ಬೇರೆ. ಬೆಂಗಳೂರಿನ ದರ್ಶಿನಿಗೆ ಹೋಗಿ ‘ಒಂದು ಕಾಫಿ, ಬೈ ಟೂ’ ಎಂದರೆ ಮಾಣಿ ಒಂದು ಅಳತೆಯ ಕಾಫಿಯನ್ನು ಎರಡು ಲೋಟಕ್ಕೆ ಹೊಯ್ದು ಕೊಡುತ್ತಾನೆ. ನಾನು ಕಾಲೇಜಿನಲ್ಲಿ ಓದಿದ ಅಷ್ಟೂ ವರ್ಷ ಕುಡಿದದ್ದು ಬೈ ಟೂ ಕಾಫಿಯನ್ನೇ. ಇಬ್ಬರ ಸ್ನೇಹ, ಒಬ್ಬಳ ದುಡ್ಡು. ಹೋಟೆಲಿನವನಿಗೆ ನಷ್ಟವೇನು? ಲೋಟ ತೊಳೆಯುವ ನೀರು ಎನ್ನಬಹುದು. ಕೆಲವು ಕಡೆ ‘ಬೈ ಟೂ ಕೊಡಲಾಗುವುದಿಲ್ಲ’ ಎಂದು ಬೋರ್ಡು ಹಾಕಿರುತ್ತಾರೆ. ಅಲ್ಲಿಯೂ ನಾವೇ ಎರಡನೇ ಲೋಟ ತಂದು ಬಗ್ಗಿಸಿಕೊಂಡರೆ ಯಾರೂ ಓಡಿ ಬಂದು ಕೈ ಹಿಡಿಯುವುದಿಲ್ಲ. ಅಮೆರಿಕದಲ್ಲಿ ಕೈ ಹಿಡಿಯುತ್ತಿದ್ದರು. ಅಳೆದು ಕೊಟ್ಟ ಕಾಫಿಯನ್ನು ನಾನು ಯಾವ ಲೋಟದಲ್ಲಿ ಕುಡಿದರೆ ಅವರಿಗೇನು?

ಕೆಲಸ ಮಾಡುವಂತಿಲ್ಲದ ಹೆಂಗಸಿಗೆ ಗ್ರಂಥಾಲಯವೇ ತವರು. ಅರ್ವಿಂಗಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು ನಾನು ಆ ಸಿಟ್ಟಿನಲ್ಲೇ ದೂರವಾಣಿಯ ಚರಿತ್ರೆ ಓದಿದೆ. ಓದಿದಂತೆಲ್ಲ ತಿಳಿದದ್ದು, ‘ಅವರಿಗೇನು’ ಎಂಬ ನನ್ನ ಪ್ರಶ್ನೆ ಅಮೆರಿಕದಲ್ಲಿ ಹಿಂದೆಯೇ ನ್ಯಾಯಾಲಯ ಹತ್ತಿತ್ತು. ‘ಹಷ್-ಎ-ಫೋನ್’ ಎಂದು ಒಂದು ಬಟ್ಟಲಿನಂಥ ಸಾಧನ. ರಿಸೀವರಿನ ಬಾಯಿಗೆ ಸಿಕ್ಕಿಸಿಕೊಂಡು ಮಾತಾಡಿದರೆ ಪಕ್ಕದವರಿಗೆ ಕೇಳುವುದಿಲ್ಲ. ಕರೆಂಟಿಲ್ಲ, ತಂತಿಯಿಲ್ಲ, ಬರಿಯ ಬಟ್ಟಲು. ತನ್ನ ಫೋನಿಗೆ ಹೊರಗಿನ ವಸ್ತು ಮುಟ್ಟಿಸುವಂತಿಲ್ಲ ಎಂದು ಎಟಿ ಅಂಡ್ ಟಿ ತಕರಾರು ತೆಗೆಯಿತು. ಸರ್ಕಾರದ ಸಂಪರ್ಕ ಆಯೋಗವಾದ ಎಫ್‌ಸಿಸಿ ಕಂಪನಿಯ ಪರ ನಿಂತಿತು. 1956ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಅಂಗೈಯನ್ನು ಬೊಗಸೆ ಮಾಡಿ ಬಾಯಿಗೆ ಅಡ್ಡ ಹಿಡಿದರೆ ತಪ್ಪಿಲ್ಲ, ಬಟ್ಟಲು ಹಿಡಿದರೆ ತಪ್ಪು ಎನ್ನುವುದು ಯಾವ ನ್ಯಾಯ ಎಂಬುದು ಅದರ ತಾತ್ಪರ್ಯ. ಲ್ಯಾಪ್‌ಟಾಪಿಗೆ ಫೋನನ್ನು ಒರಗಿಸಿ ನಿಲ್ಲಿಸಬಹುದೇ ಎಂದು ನಾನು ಕೇಳಿದ್ದು ಇದನ್ನೇ ಎಂದು ಓದಿ ನನಗೆ ಸ್ವಲ್ಪ ಹೆಮ್ಮೆಯಾಯಿತು. ಸ್ವಲ್ಪವೇ.

ಎರಡನೆಯದು ನಮ್ಮ ಪಕ್ಕದ ಊರಿನದೇ. ಥಾಮಸ್ ಕಾರ್ಟರ್ ಎಂಬ ಡಾಲಸ್ಸಿನ ಮನುಷ್ಯ ‘ಕಾರ್ಟರ್‌ಫೋನ್’ ಎಂಬ ಪೆಟ್ಟಿಗೆ ಮಾಡಿದ. ಮನೆಯ ಫೋನಿನ ರಿಸೀವರನ್ನು ಅದರ ತೊಟ್ಟಿಲಲ್ಲಿ ಮಲಗಿಸಿದರೆ, ದೂರದಲ್ಲಿ ವೈರ್‌ಲೆಸ್ ಹಿಡಿದು ನಿಂತವನು ಫೋನಿನವನ ಜೊತೆ ಮಾತಾಡಬಹುದು. ತಂತಿ ಮುಟ್ಟದ ಬೈಲಿನಲ್ಲಿ ಕೆಲಸ ಮಾಡುವವರಿಗೆ ಬಲು ಅನುಕೂಲ. 1959ರಿಂದ 1966ರವರೆಗೆ ಸುಮಾರು 3,500 ಪೆಟ್ಟಿಗೆ ಮಾರಿದ. ಇದನ್ನು ಬಳಸಿದರೆ ಸಂಪರ್ಕ ಕತ್ತರಿಸುತ್ತೇವೆ ಎಂದು ಫೋನ್ ಕಂಪನಿಗಳು ಗಿರಾಕಿಗಳನ್ನು ಹೆದರಿಸಿದವು. ಕಾರ್ಟರ್ ಬಿಡಲಿಲ್ಲ. 1968ರಲ್ಲಿ ಎಫ್‌ಸಿಸಿ ಅವನ ಪರವಾಗಿ ತೀರ್ಪು ಕೊಟ್ಟಿತು. ಜಾಲಕ್ಕೆ ಹಾನಿಯಾಗದಿದ್ದರೆ ಗಿರಾಕಿ ತನಗೆ ಬೇಕಾದ್ದನ್ನು ಜೋಡಿಸಿಕೊಳ್ಳಬಹುದು. ಮುಂದೆ ಅಂಗಡಿಯಲ್ಲಿ ಫೋನು ಕೊಂಡು ಮನೆಗೆ ತರುವುದು, ಉತ್ತರ ಹೇಳುವ ಯಂತ್ರ, ಫ್ಯಾಕ್ಸು, ಮೋಡೆಮು ಎಲ್ಲ ಬಂದದ್ದು ಆ ಬಾಗಿಲಿನಿಂದ. ನಾನು ಓದುತ್ತಿದ್ದ ಮೇಜಿನಿಂದ ಹತ್ತಾರು ಮೈಲಿಯ ಆಸುಪಾಸಿನಲ್ಲಿ ಈ ಆಸಾಮಿ ಓಡಾಡಿದ್ದ. ಎಟಿ ಅಂಡ್ ಟಿಯ ಪ್ರಧಾನ ಕಚೇರಿಯೂ 2008ರಲ್ಲಿ ಅದೇ ಡಾಲಸ್ಸಿಗೆ ಬಂದು ಕೂತಿತ್ತು. ಕಾರ್ಟರಿನ ಹೆಸರಿನಲ್ಲಿ ಅವರು ದಿನಕ್ಕೊಂದು ದೀಪ ಹಚ್ಚುತ್ತಾರೆಂದು ನನಗೆ ನಂಬಿಕೆಯಿಲ್ಲ.

ತೀರ್ಪು ತಂತಿಯ ಫೋನಿಗೆ. ಮೊಬೈಲಿಗೆ ಅದೇ ಜಗಳ ಮತ್ತೆ ಮೊದಲಿನಿಂದ. 2008ರಲ್ಲಿ ಅಮೆರಿಕದ ಸರ್ಕಾರ 700 ಮೆಗಾಹರ್ಟ್ಸ್‌ನ ತರಂಗಗಳನ್ನು ಹರಾಜು ಹಾಕಿತು. ಅದರಲ್ಲಿ ‘ಸಿ ಬ್ಲಾಕ್’ ಎಂಬ ತುಂಡಿಗೆ ಒಂದು ಷರತ್ತು ಅಂಟಿಸಿತ್ತು: ಇದನ್ನು ಕೊಂಡವರು ಗಿರಾಕಿಗೆ ತನಗಿಷ್ಟದ ಸಾಧನ, ತನಗಿಷ್ಟದ ಆ್ಯಪ್ ಬಳಸಲು ಅಡ್ಡಿ ಮಾಡಬಾರದು. ವೆರೈಝನ್ ಆ ಹರಾಜಿನಲ್ಲಿ ಒಟ್ಟು 900 ಕೋಟಿ ಡಾಲರಿಗೂ ಮೇಲೆ ಸುರಿದು, ಸಿ ಬ್ಲಾಕಿನ ಬಹುಪಾಲನ್ನು ಬಾಚಿಕೊಂಡಿತು. ಅದರ ಮೇಲೇ 4ಜಿ ಕಟ್ಟಿತು. ಆಮೇಲೆ ಟೆದರಿಂಗ್ ಆ್ಯಪುಗಳನ್ನು ಮರೆಮಾಡಿಸಿತು. ‘ಫ್ರೀ ಪ್ರೆಸ್’ ಎಂಬ ಸಂಘಟನೆ 2011ರ ಜೂನಿನಲ್ಲಿ ಆ ಹಳೆಯ ಷರತ್ತಿನ ಹಾಳೆ ತೆಗೆದು ಎಫ್‌ಸಿಸಿಯ ಮೇಜಿನ ಮೇಲಿಟ್ಟಿತು.

2012ರ ಜುಲೈ 31ರಂದು ಇತ್ಯರ್ಥವಾಯಿತು. ವೆರೈಝನ್ 12.5 ಲಕ್ಷ ಡಾಲರ್ ಖಜಾನೆಗೆ ಕಟ್ಟಬೇಕು, ಆ್ಯಪುಗಳಿಗೆ ಅಡ್ಡ ಬರಬಾರದು. ಮೊತ್ತ ಅವರಿಗೆ ಎಲೆಯಡಿಕೆ ಖರ್ಚು, ಅದಿರಲಿ. ನನಗೆ ರುಚಿಸಿದ್ದು ವಾದದ ಬಗೆ. ಟೆದರಿಂಗ್ ಮಾಡುವವರು ಹೆಚ್ಚು ಡೇಟಾ ಎಳೆಯಬಲ್ಲರು, ಅದಕ್ಕೇ ಹೆಚ್ಚುವರಿ ಶುಲ್ಕ ಎಂದು ಕಂಪನಿ ಹೇಳಿತ್ತು. ಹಾಗಿದ್ದರೆ ಅಳೆದು ಕೊಳ್ಳುವವರಿಂದಲೂ ಯಾಕೆ ವಸೂಲಿ ಮಾಡಿದಿರಿ ಎಂಬುದು ಆಯೋಗ ಎತ್ತಿ ತೋರಿಸಿದ ಅಂಶ. ಊಟ ಬೇರೆ, ಕಾಫಿ ಬೇರೆ! ಅಂದು ರಾತ್ರಿ ಇವರ ಮುಂದೆ ಇದನ್ನು ಓದಿ ಹೇಳಿದೆ. “ನಿನ್ನ ದೋಸೆ ಸೀಯ್ತಾ ಇದೆ” ಎಂದರು.

ಇನ್ನೊಂದು ಕಡೆಯದನ್ನೂ ಹೇಳಬೇಕು. ಅನ್‌ಲಿಮಿಟೆಡ್ ಊಟಕ್ಕೆ ಕುಳಿತು ಮೇಜಿನ ಕೆಳಗೆ ಟಿಫಿನ್ ಕ್ಯಾರಿಯರ್ ತುಂಬಿಸುವವರು ಎಲ್ಲ ಊರಲ್ಲೂ ಇರುತ್ತಾರೆ. 2015ರ ಆಗಸ್ಟಿನಲ್ಲಿ ಟಿ-ಮೊಬೈಲಿನ ಮುಖ್ಯಸ್ಥ ಜಾನ್ ಲೆಜೆರ್ ಬಹಿರಂಗ ಪತ್ರ ಬರೆದು, ಟೆದರಿಂಗನ್ನು ಫೋನಿನ ಬಳಕೆಯಂತೆ ಮರೆಮಾಚಿ ಕೆಲವರು ತಿಂಗಳಿಗೆ 2 ಟೆರಾಬೈಟಿನವರೆಗೆ ಎಳೆಯುತ್ತಿದ್ದಾರೆ, ಇವರು ಕಳ್ಳರು ಎಂದು ಕೂಗಾಡಿದರು. ಸಂಖ್ಯೆಯಲ್ಲಿ ಅವರು ಅತಿ ಕಡಿಮೆ, ಒಟ್ಟು ಗಿರಾಕಿಗಳಲ್ಲಿ ಶೇಕಡ ಒಂದರ ನೂರನೇ ಒಂದು ಪಾಲು ಎಂದೂ ಅವರೇ ಹೇಳಿದರು. ತಿಂಗಳಿಗೆ 2 ಟೆರಾಬೈಟು ಎಂದರೆ ಅದು ಬೈ ಟೂ ಅಲ್ಲ, ಊರಿಗೆ ಅನ್ನಸಂತರ್ಪಣೆ. ಅಂಥವರ ಪರ ವಾದಿಸಲು ನನ್ನಲ್ಲಿ ಉಪಮೆ ಇಲ್ಲ.

ಆಮೇಲೆ ಅನ್‌ಲಿಮಿಟೆಡ್ ಎಂಬುದು ಮತ್ತೆ ಬಂತು. 2016ರಲ್ಲಿ ಟಿ-ಮೊಬೈಲ್ ಹೊಸ ಪ್ಲಾನು ಪ್ರಕಟಿಸಿದಾಗ ಟೆದರಿಂಗಿಗೆ 2ಜಿ ವೇಗ. 2017ರ ಫೆಬ್ರುವರಿಯಲ್ಲಿ ವೆರೈಝನ್ನಿನ ಅನ್‌ಲಿಮಿಟೆಡ್ ಮರಳಿದಾಗ ಹಾಟ್‌ಸ್ಪಾಟಿಗೆ ಪೂರ್ಣ ವೇಗದಲ್ಲಿ 10 ಜಿಬಿ. ಸಾರು ಎಷ್ಟಾದರೂ ಹಾಕಿಸಿಕೊಳ್ಳಿ, ಪಾಯಸ ಮಾತ್ರ ಒಂದೇ ಬಟ್ಟಲು ಎನ್ನುವಂತೆ. ಯುರೋಪಿನವರು ಅಷ್ಟಕ್ಕೂ ಒಪ್ಪಲಿಲ್ಲ. ಜರ್ಮನಿಯ ವೊಡಾಫೋನ್ ಕೆಲವು ಆ್ಯಪುಗಳ ಬಳಕೆಯನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟು, ಟೆದರಿಂಗ್ ಮೂಲಕ ಬಳಸಿದರೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿತ್ತು; 2021ರ ಸೆಪ್ಟೆಂಬರಿನಲ್ಲಿ ಯುರೋಪ್ ಒಕ್ಕೂಟದ ನ್ಯಾಯಾಲಯ ಅದು ಮುಕ್ತ ಅಂತರ್ಜಾಲದ ನಿಯಮಕ್ಕೆ ವಿರುದ್ಧ ಎಂದಿತು.

ನಾವು 2018ರಲ್ಲಿ ಊರಿಗೆ ಮರಳಿದೆವು. ಅಷ್ಟರಲ್ಲಿ ಜಿಯೋ ಬಂದು ಎರಡು ವರ್ಷವಾಗಿತ್ತು. ದಿನಕ್ಕೆ ಒಂದೋ ಒಂದೂವರೆಯೋ ಜಿಬಿ ಎಂದು ಎಲ್ಲರ ಕೈಯಲ್ಲೂ ಒಂದು ಲೋಟ ಇತ್ತು. ಹಾಟ್‌ಸ್ಪಾಟಿಗೆ ಬೇರೆ ದುಡ್ಡು ಎಂಬ ರೂಢಿಯೇ ಇಲ್ಲಿ ಬೇರು ಬಿಡಲಿಲ್ಲ. ಶಿವಮೊಗ್ಗದ ಬಸ್ಸಿನಲ್ಲಿ ಪಕ್ಕದ ಹುಡುಗ “ಮೇಡಂ, ಒಂದು ನಿಮಿಷ ಹಾಟ್‌ಸ್ಪಾಟ್ ಹಾಕ್ತೀರಾ, ನಂದು ನೆಟ್ ಖಾಲಿ” ಎಂದಾಗ ನಾನು ಅಭ್ಯಾಸಬಲದಿಂದ ಸುತ್ತ ನೋಡಿದೆ, ಯಾರಾದರೂ ಕೈ ಹಿಡಿಯಲು ಬರುತ್ತಾರೇನೋ ಎಂದು.

ಅಮ್ಮ ಅದಕ್ಕೆ ‘ಹಾಟ್‌ಪಾಟ್’ ಎನ್ನುತ್ತಾಳೆ. ಚಪಾತಿ ಬಿಸಿ ಆರದಂತೆ ಇಡುವ ಡಬ್ಬಿಗೂ ಅವಳಿಗೆ ಅದೇ ಹೆಸರು. “ಕೂಸೇ, ನಿನ್ನ ಹಾಟ್‌ಪಾಟ್ ಸ್ವಲ್ಪ ತೆಗಿ” ಎಂದರೆ ಅಡುಗೆಮನೆಗೆ ಹೋಗಬೇಕೋ ಫೋನು ಹುಡುಕಬೇಕೋ ಅವಳ ಮುಖ ನೋಡಿ ತಿಳಿಯಬೇಕು. ಕನ್ನಡಕ ಹಣೆಗೆ ಏರಿದ್ದರೆ ಫೋನು. 2020ರಲ್ಲಿ ಶಾಲೆ ಮುಚ್ಚಿದಾಗ ಅಣ್ಣನ ಮನೆಯ ಜಗಲಿಯಲ್ಲಿ ಮೂರು ಮನೆಯ ಐದು ಮಕ್ಕಳು ಸಾಲಾಗಿ ಕುಳಿತು ಒಂದೇ ಫೋನಿನಿಂದ ಪಾಠ ಕೇಳುತ್ತಿದ್ದರು. ಆ ಫೋನನ್ನು ಅಣ್ಣ ಜಗಲಿಯ ಕಂಬದ ಮೊಳೆಗೆ, ಸಿಗ್ನಲ್ ಸಿಗುವ ಎತ್ತರಕ್ಕೆ, ಹಳೆಯ ಕಣ್ಣಿಯ ತುಂಡಿನಲ್ಲಿ ಕಟ್ಟಿ ತೂಗುಹಾಕಿದ್ದ. ಅಮ್ಮ ಮಧ್ಯೆ ಬಂದು ಮುಟ್ಟಿ ನೋಡಿ, “ಬಿಸಿ ಆಗಿದೆ ಪಾಪ, ಸ್ವಲ್ಪ ಹೊತ್ತು ಆರಲಿ ಬಿಡ್ರೋ” ಎನ್ನುತ್ತಿದ್ದಳು. ಹನ್ನೆರಡು ಗಂಟೆಯ ಹೊತ್ತಿಗೆ ಆ ದಿನದ ಜಿಬಿ ಮುಗಿಯುತ್ತಿತ್ತು. ಮುಗಿದರೆ ಮುಗಿಯಿತು, ಮಕ್ಕಳು ಚೀಲ ಎತ್ತಿಕೊಂಡು ಹೊಳೆಯ ಕಡೆ ಓಡುತ್ತಿದ್ದರು.

ಮಗಳ ಬಾಣಂತನಕ್ಕೋ ಮಗನ ಗೃಹಪ್ರವೇಶಕ್ಕೋ ಅಮೆರಿಕಕ್ಕೆ ಹೊರಟವರು ಈ ಪ್ರಬಂಧ ಓದುತ್ತಿದ್ದರೆ ಒಂದು ಮಾತು. ಅಲ್ಲಿ ಇಳಿದು ಸಿಮ್ ಕೊಳ್ಳುವಾಗ ಅನ್‌ಲಿಮಿಟೆಡ್ ಎಂದು ದೊಡ್ಡ ಅಕ್ಷರದಲ್ಲಿ ಬರೆದದ್ದನ್ನು ನೋಡಿ ದುಡ್ಡು ಕೊಡಬೇಡಿ. ಹಾಟ್‌ಸ್ಪಾಟಿಗೆ ಎಷ್ಟು ಜಿಬಿ, ಅದು ಮುಗಿದ ಮೇಲೆ ವೇಗ ಎಷ್ಟು ಎಂದು ಕೇಳಿ. ಅಂಗಡಿಯವರು ನಯವಾಗಿಯೇ ಉತ್ತರ ಹೇಳುತ್ತಾರೆ.